ಹನ್ನೆರಡನೆಯ ಬಲ್ಬು

ಫ್ಯೂಸಣ್ಣ ಎಂಬ ಹೆಸರು ಅವನಿಗೆ ಕಸುಬಿನಿಂದ ಬಂದದ್ದು ಎಂದು ಹೊಸಬರು ತಿಳಿಯುತ್ತಾರೆ. ಕಾರುಗಳ ವೈರಿಂಗು, ಮೀಟರ್ ಬೋರ್ಡು ರಿಪೇರಿ ಮಾಡುವವನಿಗೆ ಆ ಹೆಸರು ಒಪ್ಪುತ್ತದೆ ಕೂಡ. ಬೀದಿಯ ಹಳಬರನ್ನು ಕೇಳಿದರೆ ಬೇರೆ ಮಾತು ಬರುತ್ತದೆ. ಅವನ ತಲೆ ಯಾವ ಗಳಿಗೆಯಲ್ಲಿ ಸಿಡಿಯುತ್ತದೆಂದು ಅವನಿಗೇ ಗೊತ್ತಿಲ್ಲ, ಸಿಡಿದಾಗ ಎದುರಿಗೆ ದೊಡ್ಡವರಿದ್ದಾರೋ ಚಿಕ್ಕವರಿದ್ದಾರೋ ಅವನ ಕಣ್ಣಿಗೆ ಕಾಣುವುದಿಲ್ಲ. ಅರ್ಧ ಗಂಟೆಯಲ್ಲಿ ತಣ್ಣಗಾಗುತ್ತಾನೆ, ಸುಳ್ಳು ಹೇಳಬಾರದು. ಆದರೆ ಅರ್ಧ ಗಂಟೆಯಲ್ಲಿ ಏನೆಲ್ಲ ಆಗಿಹೋಗಬಹುದು ಎಂಬುದು ಅವನಿಗೆ ಏಳು ವರ್ಷದ ಹಿಂದೆ ಗೊತ್ತಾಯಿತು.

ಅಲ್ಲಿಯವರೆಗೆ ಅವನ ಅಂಗಡಿಯಲ್ಲಿ ಇಬ್ಬರಿದ್ದರು. ಇನ್ನೊಬ್ಬರು ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಫ್ಯೂಸಣ್ಣನಿಗೆ ಪ್ಲಸ್ಸು ಮೈನಸ್ಸು ಕಲಿಸಿದವರು, ಆಮೇಲೆ ಅಂಗಡಿಯಲ್ಲಿ ಸಮಪಾಲು ಕೊಟ್ಟವರು, ವಯಸ್ಸಿನಲ್ಲಿ ಹದಿಮೂರು ವರ್ಷ ದೊಡ್ಡವರು. ಒಂದೇ ಮೇಜಿನ ಆಚೆ ಈಚೆ ಇಬ್ಬರೂ ಇಪ್ಪತ್ತನಾಲ್ಕು ವರ್ಷ ಕೂತರು. ಅವರದೊಂದು ಕಟ್ಟುಪಾಡಿತ್ತು: ಮೀಟರ್ ಬೋರ್ಡನ್ನು ತೆರೆದವನು ಮುಚ್ಚಬಾರದು. ಒಬ್ಬ ತೆರೆದು ಕೆಲಸ ಮಾಡಿದರೆ, ಇನ್ನೊಬ್ಬ ಎಲ್ಲವನ್ನೂ ಮೊದಲಿನಿಂದ ನೋಡಿ, ಗಾಜು ಒರೆಸಿ, ಸ್ಕ್ರೂ ಬಿಗಿಯಬೇಕು. "ಮಾಡಿದವನ ಕಣ್ಣಿಗೆ ತನ್ನ ತಪ್ಪು ಕಾಣಲ್ಲ ತಮ್ಮಾ" ಎನ್ನುತ್ತಿದ್ದರು ಮೇಷ್ಟ್ರು. ಒಂದು ಕೆಲಸಕ್ಕೆ ಎರಡು ಆಳೇ ಎಂದು ಬೀದಿಯವರು ನಗುತ್ತಿದ್ದರು. ನಗಲಿ, ಅಲ್ಲಿಂದ ರಿಪೇರಿಯಾಗಿ ಹೋದ ಕಾರು ಅದೇ ದೂರು ಹೊತ್ತು ಮತ್ತೆ ಬಂದದ್ದಿಲ್ಲ.

ಒಂದೇ ಒಂದು ಸಲ ಬಂತು. ಅದೊಂದು ಟ್ಯಾಕ್ಸಿ. ಅದರ ಸ್ಪೀಡ್ ಮುಳ್ಳನ್ನು ತೆಗೆದು ಮತ್ತೆ ಕೂರಿಸಿದ್ದು ಮೇಷ್ಟ್ರು. ಆಗಷ್ಟೇ ಅವರ ಬಲಗೈ ಸಣ್ಣಗೆ ನಡುಗಲು ಶುರುವಾಗಿತ್ತು. ಮುಳ್ಳು ಎರಡು ಗೆರೆ ಪಕ್ಕಕ್ಕೆ ಕೂತು, ಗಾಡಿ ಅರವತ್ತರಲ್ಲಿ ಹೋದರೆ ಐವತ್ತು ತೋರಿಸುತ್ತಿತ್ತು. ಪೊಲೀಸರ ಕೈಗೆ ಸಿಕ್ಕಿಬಿದ್ದ ಟ್ಯಾಕ್ಸಿಯವನು ನೇರ ಅಂಗಡಿಗೆ ಬಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ಪಕ್ಕದ ಪಂಕ್ಚರ್ ಅಂಗಡಿಯವನು, ಎದುರಿನ ಪೇಂಟಿಂಗ್ ಶೆಡ್ಡಿನವನು, ಇಬ್ಬರು ಮೂವರು ಡ್ರೈವರುಗಳು ಸುತ್ತ ಸೇರಿದರು. ಫ್ಯೂಸಣ್ಣನ ತಲೆ ಸಿಡಿಯಿತು. "ಕೈ ನಡುಗೋರು ಮೀಟರ್ ಮುಟ್ಟಬಾರದು ಮೇಷ್ಟ್ರೇ. ವಯಸ್ಸಾಯ್ತು, ಮನೇಲಿ ಕೂತ್ಕೊಳ್ಳಿ" ಎಂದುಬಿಟ್ಟ. ಯಾರೋ ನಕ್ಕರು. ಮೇಷ್ಟ್ರು ಕೈ ಒರೆಸಿಕೊಂಡರು, ಒರೆಸಿದ ಬಟ್ಟೆಯನ್ನು ನಾಲ್ಕಾಗಿ ಮಡಿಸಿ ಮೇಜಿನ ಮೇಲಿಟ್ಟರು, ಚಪ್ಪಲಿ ಹಾಕಿಕೊಂಡು ಹೊರಟರು. ಚಹಾಕ್ಕೆ ಹೋದರು ಎಂದುಕೊಂಡ ಫ್ಯೂಸಣ್ಣ.

ಅಂದು ಮೇಷ್ಟ್ರು ಒಂದು ಮಾತು ಹೇಳಬಹುದಿತ್ತು. ಆ ಬೋರ್ಡನ್ನು ತೆರೆದವರು ಅವರಾದರೆ, ನೋಡಿ ಮುಚ್ಚಬೇಕಾದವನು ಫ್ಯೂಸಣ್ಣ. ಅವನು ಊಟಕ್ಕೆ ಹೊತ್ತಾಯಿತೆಂದು ಮುಳ್ಳಿನ ಕಡೆ ನೋಡದೆಯೇ ಸ್ಕ್ರೂ ಬಿಗಿದಿದ್ದ. ಇದು ಇಬ್ಬರಿಗೆ ಮಾತ್ರ ಗೊತ್ತಿದ್ದ ಸಂಗತಿ. ಅಷ್ಟು ಜನರ ಮುಂದೆ ಮೇಷ್ಟ್ರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅರ್ಧ ಗಂಟೆಯ ಮೇಲೆ ತಲೆ ತಣ್ಣಗಾದಾಗ ಫ್ಯೂಸಣ್ಣನಿಗೆ ಎಲ್ಲ ನೆನಪಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಗಲೇ ಹಿಂದೆ ಓಡಿಹೋಗಿ ತಪ್ಪಾಯಿತು ಅನ್ನಬೇಕಿತ್ತು. ನಾಳೆ ಬಂದೇ ಬರುತ್ತಾರೆ ಎಂದು ಒಂದು ವಾರ ಕಾದ. ವಾರವಾದ ಮೇಲೆ ಯಾವ ಮುಖ ಹೊತ್ತು ಹೋಗಲಿ ಎಂದು ಒಂದು ತಿಂಗಳು ಕಳೆದ. ಆಮೇಲೆ ಮೇಷ್ಟ್ರು ಊರಿನ ಇನ್ನೊಂದು ತುದಿಗೆ ಮನೆ ಬದಲಾಯಿಸಿದರೆಂದು ಯಾರೋ ಹೇಳಿದರು.

ಫ್ಯೂಸಣ್ಣನಿಗೆ ಹೆಂಡತಿ ಮಕ್ಕಳಿಲ್ಲ. ಇದ್ದ ಸಂಸಾರವೆಂದರೆ ಮೇಷ್ಟ್ರ ಮನೆಯದೇ. ಭಾನುವಾರದ ಊಟ ಅಲ್ಲಿ, ಜ್ವರ ಬಂದರೆ ಔಷಧಿ ಅಲ್ಲಿಂದ. ಮೇಷ್ಟ್ರ ಮಗಳು ಅವನನ್ನು ಚಿಕ್ಕಪ್ಪ ಎಂದು ಕರೆದೇ ಬೆಳೆದವಳು. ಒಂದು ಮಾತಿನಿಂದ ಅವನು ಪಾಲುದಾರನನ್ನೂ ಅಣ್ಣನನ್ನೂ ಮನೆಯನ್ನೂ ಒಟ್ಟಿಗೆ ಕಳೆದುಕೊಂಡ. ಈಗ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ. ತೊಳೆಯೋದು ಸುಲಭ ಎಂದು ಬಂದವರಿಗೆ ಹೇಳಲು ಒಂದು ತಮಾಷೆಯ ಮಾತನ್ನು ಇಟ್ಟುಕೊಂಡಿದ್ದ. ಬರುವವರೇ ಇರಲಿಲ್ಲ ಎಂಬುದು ಬೇರೆ ವಿಷಯ.

ಕಟ್ಟುಪಾಡನ್ನು ಮಾತ್ರ ಬಿಡಲಿಲ್ಲ. ಬೋರ್ಡನ್ನು ತೆರೆದು ಕೆಲಸ ಮುಗಿಸುವನು, ಎದ್ದು ಬೀದಿಯ ತುದಿಯವರೆಗೆ ಒಂದು ಸುತ್ತು ಹಾಕುವನು, ವಾಪಸು ಬಂದು ಮೇಜಿನ ಆಚೆ ಬದಿಗೆ ಕೂತು, ಯಾರೋ ಬೇರೆಯವರು ಮಾಡಿದ ಕೆಲಸ ನೋಡುವಂತೆ ನೋಡಿ ಮುಚ್ಚುವನು. ಕೆಲವು ಸಲ "ಇದೇನೋ ಇದು, ವೈರನ್ನ ಹೀಗಾ ಬಿಡೋದು" ಎಂದು ಬೈದುಕೊಳ್ಳುವುದೂ ಉಂಟು. ಬೈಯುವವನೂ ಅವನೇ, ಬೈಸಿಕೊಳ್ಳುವವನೂ ಅವನೇ. ಪಂಕ್ಚರ್ ಅಂಗಡಿಯವನು ಗೋಡೆಯಾಚೆಯಿಂದ ಕೇಳಿಸಿಕೊಂಡು, ಒಬ್ಬನೇ ಇದ್ದೂ ಇದ್ದೂ ಇವನಿಗೆ ಸ್ವಲ್ಪ ಆ ಕಡೆ ಈ ಕಡೆ ಆಗಿದೆ ಎಂದು ತಿಳಿದಿದ್ದ.

ಒಂದು ಬೆಳಿಗ್ಗೆ ಎಂಟಕ್ಕೆ, ಶಟರ್ ಎತ್ತಿ ಇನ್ನೂ ನೆಲ ಗುಡಿಸಿರಲಿಲ್ಲ, ಬೂದು ಬಣ್ಣದ ಹಳೆಯ ಕಾರೊಂದು ಬಂದು ಅಂಗಡಿಯ ಮುಂದೆ ನಿಂತಿತು. ಫ್ಯೂಸಣ್ಣ ಪೊರಕೆ ಹಿಡಿದುಕೊಂಡೇ ನೋಡಿದ. ಆ ಕಾರಿನ ಒಂದೊಂದು ವೈರೂ ಅವನಿಗೆ ಗೊತ್ತು. ಮೇಷ್ಟ್ರ ಕಾರು. ಬಾಗಿಲು ತೆರೆದದ್ದು ನೋಡಿ ಪೊರಕೆಯನ್ನು ಗೋಡೆಗೆ ಒರಗಿಸಿದ. ಇಳಿದವಳು ಮಗಳು. ಏಳು ವರ್ಷದ ಹಿಂದೆ ಕಾಲೇಜಿನ ಹುಡುಗಿ. ಈಗ ಮೂವತ್ತರ ಹತ್ತಿರದ ಹೆಂಗಸು, ಮೈಮೇಲೆ ಲ್ಯಾಬಿನವರ ಬಿಳಿ ಕೋಟು, ಕಣ್ಣಿನಲ್ಲಿ ಅರೆನಿದ್ದೆ.

"ಅಂಗಡಿ ಅಲ್ಲೇ ಇರುತ್ತೆ ನೋಡು ಅಂದ್ರು ಅಪ್ಪ" ಎಂದಳು. ಚಿಕ್ಕಪ್ಪ ಎನ್ನಲಿಲ್ಲ. ಅದರ ಬದಲಿಗೆ ಬೇರೆ ಏನೂ ಎನ್ನಲಿಲ್ಲ.

"ಏನಾಗಿದೆ ಗಾಡಿಗೆ?"

"ಮೀಟರ್ ಕಾಣಲ್ಲ. ನಾನು ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತಗೊಂಡು ಲ್ಯಾಬಿಗೆ ಕೊಡೋ ಕೆಲಸ ಮಾಡ್ತೀನಿ. ಬೆಳಗಿನ ಜಾವಕ್ಕೇ ಹೊರಡ್ಬೇಕು. ಈ ಹಳದಿ ಬೆಳಕಲ್ಲಿ ಮುಳ್ಳು ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಎಲ್‌ಇಡಿ ಹಾಕಿಸ್ಬೇಕು."

"ಅದನ್ನ ಯಾರು ಬೇಕಾದ್ರೂ ಹಾಕ್ತಾರೆ" ಎಂದ ಫ್ಯೂಸಣ್ಣ, ಎಂದವನು ನಾಲಿಗೆ ಕಚ್ಚಿಕೊಂಡ.

"ನಾನೂ ಅದನ್ನೇ ಅಂದೆ. ನಮ್ಮ ಮನೆ ಹತ್ತಿರಾನೇ ಒಬ್ರು ಇದ್ದಾರೆ. ಅಪ್ಪ ಬೇಡ ಅಂದ್ರು. ಆ ಬೋರ್ಡನ್ನ ಬಿಚ್ಚೋದಾದ್ರೆ ಅವನೊಬ್ಬನೇ ಬಿಚ್ಚಲಿ ಅಂದ್ರು."

ಫ್ಯೂಸಣ್ಣನಿಗೆ ಏಳು ವರ್ಷದಲ್ಲಿ ಮೇಷ್ಟ್ರಿಂದ ಬಂದ ಮೊದಲ ಮಾತು ಇದು. ಅದನ್ನು ಇನ್ನೊಂದು ಸಲ ಹೇಳು ಎನ್ನೋಣವೆಂದುಕೊಂಡ, ನಾಚಿಕೆಯಾಯಿತು. ಅವರ ಬಗ್ಗೆ ಕೇಳಲು ಬಾಯಿ ತೆರೆದರೆ ಕಣ್ಣಲ್ಲಿ ನೀರು ಬಂದೀತೆಂಬ ಹೆದರಿಕೆ. ಆದ್ದರಿಂದ ಕಸುಬಿನವನಾಗಿಯೇ ಉಳಿದು, "ಬಿಳಿ ಬೆಳಕು ಬೇಕೋ, ನೀಲಿ ಬೇಕೋ?" ಎಂದು ಕೇಳಿದ.

"ಬಿಳಿ ಸಾಕು."

ಅವಳಿಗೆ ಬಾ ಎನ್ನಬೇಕೋ ಬನ್ನಿ ಎನ್ನಬೇಕೋ ತಿಳಿಯಲಿಲ್ಲ. "ಸಂಜೆ ನಾಲ್ಕಕ್ಕೆ ರೆಡಿ ಇರುತ್ತೆ" ಎಂದು ಹೇಳಿ ಪಾರಾದ. ಅವಳು ಕೀಲಿ ಕೊಟ್ಟು ಬಸ್ಸಿಗೆ ಹೋದಳು.

ಅಂದು ಫ್ಯೂಸಣ್ಣ ಬೇರೆ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಅವನ ಲೆಕ್ಕಾಚಾರ ಸರಳ. ಮೇಷ್ಟ್ರು ತಾವಾಗಿ ಬಾಗಿಲನ್ನು ಒಂದು ಬೆರಳಿನಷ್ಟು ತೆರೆದಿದ್ದಾರೆ. ಮಾತಿನಲ್ಲಿ ಮಾಡಿದ ತಪ್ಪನ್ನು ಮಾತಿನಲ್ಲಿ ತಿದ್ದಿಕೊಳ್ಳುವ ಕಲೆ ತನಗಿಲ್ಲ, ಕೈಯಲ್ಲಿ ತಿದ್ದಿಕೊಳ್ಳಬಹುದು. ಈ ಕೆಲಸವನ್ನು ಹಾಗೆ ಮಾಡಿ ಕಳಿಸಬೇಕು, ಮೇಷ್ಟ್ರು ಕೀಲಿ ತಿರುಗಿಸಿ ನೋಡಿದ ಕೂಡಲೆ ಪರವಾಗಿಲ್ಲ ಅನ್ನಬೇಕು, ಹಾಗೆನ್ನಲು ಒಂದು ಫೋನಾದರೂ ಮಾಡಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ, ಆ ಒಂದು ಫೋನು.

ಸ್ಟೀರಿಂಗ್ ಕೆಳಗಿನ ಕವರು ತೆಗೆದ, ನಾಲ್ಕು ಸ್ಕ್ರೂ ಬಿಚ್ಚಿದ, ಹಿಂದಿನಿಂದ ಕೈ ತೂರಿಸಿ ಸ್ಪೀಡ್ ಕೇಬಲ್ಲಿನ ಕ್ಲಿಪ್ಪು ಒತ್ತಿ ಬೋರ್ಡನ್ನು ಹೊರಗೆಳೆದ. ಮೇಜಿನ ಮೇಲೆ ಒಗೆದ ಬಟ್ಟೆ ಹಾಸಿ ಅದರ ಮೇಲೆ ಮಲಗಿಸಿದ. ಹಿಂಬದಿಯಲ್ಲಿ ಹನ್ನೆರಡು ಬಲ್ಬು, ಗೋಲಿಗಿಂತ ಚಿಕ್ಕವು. ಅವುಗಳಲ್ಲಿ ಐದು, ಮೀಟರಿಗೆ ಬೆಳಕು ಕೊಡುವವು. ಉಳಿದ ಏಳು, ಎಣ್ಣೆ, ಬ್ರೇಕು, ಬ್ಯಾಟರಿ ಮೊದಲಾದವುಗಳ ಗುರುತಿನ ದೀಪಗಳು. ಅವುಗಳ ನಡುವೆ ಮೇಷ್ಟ್ರು ಯಾವುದೋ ಕಾಲದಲ್ಲಿ ಹಾಕಿದ ಒಂದು ಬೆಸುಗೆ ಇತ್ತು, ಕೈ ಇನ್ನೂ ಸ್ಥಿರವಾಗಿದ್ದಾಗಿನದು. ಸಾಸಿವೆ ಕಾಳಿನಷ್ಟು ದುಂಡಗೆ, ಈಗಲೂ ಹೊಳೆಯುತ್ತಿತ್ತು. ಫ್ಯೂಸಣ್ಣ ಅದನ್ನು ಬಹಳ ಹೊತ್ತು ನೋಡಿದ.

ಬಿಸಿಗೆ ಹಳದಿಯಾಗಿದ್ದ ಒಳಗಿನ ಗೋಡೆಗಳನ್ನು ಉಜ್ಜಿ ಬಿಳಿ ಬಳಿದ. ಗಾಜನ್ನು ಮೂರು ಸಲ ಒರೆಸಿದ. ಎಲ್‌ಇಡಿಗಳನ್ನು ಒಂದೊಂದಾಗಿ ಹೋಲ್ಡರಿಗೆ ಸಿಕ್ಕಿಸಿದ. ಹಳೆಯ ಬಲ್ಬಿಗೆ ತಲೆ ಯಾವುದು ಕಾಲು ಯಾವುದು ಎಂಬ ಭೇದವಿಲ್ಲ, ಹೇಗೆ ಹಾಕಿದರೂ ಉರಿಯುತ್ತದೆ. ಎಲ್‌ಇಡಿ ಹಾಗಲ್ಲ, ಉಲ್ಟಾ ಹಾಕಿದರೆ ಮುನಿಸಿಕೊಂಡು ಕೂತುಬಿಡುತ್ತದೆ. ಉರಿಯದ್ದನ್ನು ತೆಗೆದು ತಿರುಗಿಸಿ ಹಾಕಬೇಕು. ಹಾರ್ನ್ ತೋರಿಸಲು ಬಂದ ಸ್ಕೂಲ್ ವ್ಯಾನಿನ ಡ್ರೈವರು ಇದನ್ನೆಲ್ಲ ನೋಡಿ, "ಇಪ್ಪತ್ತು ವರ್ಷದ ಗಾಡಿಗೆ ಎಲ್‌ಇಡಿನಾ? ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ" ಎಂದ. ಬೇರೆ ದಿನವಾಗಿದ್ದರೆ ಅವನು ಹಾರ್ನನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋಗಬೇಕಾಗುತ್ತಿತ್ತು. ಫ್ಯೂಸಣ್ಣ ನಕ್ಕ. ವ್ಯಾನಿನವನಿಗೆ ಅದು ನೋಡಿ ಗಾಬರಿಯೇ ಆಯಿತು.

ಹನ್ನೆರಡು ಹಳೆಯ ಬಲ್ಬು ತೆಗೆದ, ಹನ್ನೆರಡು ಎಲ್‌ಇಡಿ ಹಾಕಿದ. ತಪ್ಪಿದ್ದು ಅಲ್ಲೇ. ಹಾಕಬೇಕಾದದ್ದು ಹನ್ನೊಂದು.

ಹಳೆಯ ಕಾರುಗಳಲ್ಲಿ ಬ್ಯಾಟರಿಯ ಗುರುತಿನ ಕೆಂಪು ದೀಪವನ್ನು ಬದಲಿಸಬಾರದು ಎಂಬುದು ಈ ಕಸುಬಿನ ಅಆಇಈ. ಆ ದೀಪ ಬರೀ ನೋಡಲಿಕ್ಕೆ ಇರುವುದಲ್ಲ. ಕೀಲಿ ತಿರುಗಿಸಿದಾಗ ಬ್ಯಾಟರಿಯಿಂದ ಡೈನಮೋಗೆ ಹೋಗುವ ಮೊದಲ ಕರೆಂಟು ಆ ಬಲ್ಬಿನ ಹೊಟ್ಟೆಯ ಮೂಲಕವೇ ಹಾದುಹೋಗಬೇಕು. ಅದು ತಲುಪಿದರೆ ಡೈನಮೋ ಎಚ್ಚರಗೊಂಡು ಬ್ಯಾಟರಿಯನ್ನು ತುಂಬಲು ಶುರುಮಾಡುತ್ತದೆ. ಎಲ್‌ಇಡಿ ತೆಗೆದುಕೊಳ್ಳುವ ಕರೆಂಟು ಗುಬ್ಬಿಯ ಗುಟುಕಿನಷ್ಟು. ಅಷ್ಟಕ್ಕೆ ಡೈನಮೋ ಏಳುವುದಿಲ್ಲ. ಕಾರು ಬ್ಯಾಟರಿಯಲ್ಲಿ ಇದ್ದದ್ದನ್ನು ತಿಂದುಕೊಂಡು ಓಡುತ್ತದೆ, ಮುಗಿದ ದಿನ ನಿಲ್ಲುತ್ತದೆ. ಇದನ್ನು ಫ್ಯೂಸಣ್ಣನಿಗೆ ಮೇಷ್ಟ್ರು ಮೊದಲ ತಿಂಗಳಲ್ಲೇ ಹೇಳಿಕೊಟ್ಟಿದ್ದರು. ಅವನು ಎಷ್ಟೋ ಜನರಿಗೆ ಹೇಳಿದ್ದ, ಗೊತ್ತಿಲ್ಲದವರನ್ನು ಬೈದಿದ್ದ. ಹಾಗಿದ್ದೂ ಆ ದಿನ ಅವನ ಕೈ ಹನ್ನೆರಡನೆಯದಕ್ಕೆ ಹೋಯಿತು, ಮನಸ್ಸು ಆ ಬರಲಿರುವ ಫೋನಿನ ಹತ್ತಿರ ಕೂತಿತ್ತು.

ಎಂದಿನಂತೆ ಎದ್ದು ಬೀದಿಯ ತುದಿಯವರೆಗೆ ಹೋಗಿಬಂದ, ಮೇಜಿನ ಆಚೆ ಕೂತು ನೋಡಿದ. ಆದರೆ ಅಂದು ಅವನು ತಪ್ಪು ಹುಡುಕುವ ಕಣ್ಣಿನಿಂದ ನೋಡಲಿಲ್ಲ, ಹೊಗಳಿಕೆಗೆ ಕಾಯುವ ಕಣ್ಣಿನಿಂದ ನೋಡಿದ. ಬೋರ್ಡನ್ನು ಕಾರಿಗೆ ಕೂರಿಸಿ, ಹಗಲಲ್ಲಿ ಬೆಳಕು ಪರೀಕ್ಷೆ ಮಾಡಲೆಂದೇ ಇಟ್ಟಿದ್ದ ಕಪ್ಪು ಕಂಬಳಿಯನ್ನು ಸ್ಟೀರಿಂಗಿನ ಮೇಲೂ ತನ್ನ ತಲೆಯ ಮೇಲೂ ಹೊದ್ದುಕೊಂಡ. ಹಿಂದೆ ಆ ಕಂಬಳಿಯೊಳಗೆ ಎರಡು ತಲೆ ಹಿಡಿಯುತ್ತಿದ್ದವು. ಕೀಲಿ ತಿರುಗಿಸಿದ. ಒಂದೊಂದು ಅಂಕಿಯೂ ಹಾಲಿನಲ್ಲಿ ತೊಳೆದಂತೆ ಎದ್ದು ಕಂಡಿತು. ಸಂತೋಷಕ್ಕೆ ಇಂಜಿನ್ ಶುರುಮಾಡಿ ಆಕ್ಸಿಲರೇಟರನ್ನು ಜೋರಾಗಿ ತುಳಿದ, ಇಂಜಿನ್ನಿನ ಸುತ್ತು ತೋರಿಸುವ ಮುಳ್ಳು ಮೇಲಕ್ಕೆ ಹಾರುವುದನ್ನು ನೋಡಬೇಕೆಂದು. ಅಷ್ಟು ಜೋರಾಗಿ ತುಳಿದರೆ ಡೈನಮೋ ಬಲ್ಬಿನ ಹಂಗಿಲ್ಲದೆ ತಾನಾಗಿಯೇ ಎದ್ದುಬಿಡುತ್ತದೆ. ಎದ್ದಿತು, ಕೆಂಪು ದೀಪ ಆರಿತು. ಎಲ್ಲ ಸರಿಯಿದೆ ಎಂದುಕೊಂಡ. ಊರಿನೊಳಗೆ ಮೆಲ್ಲಗೆ, ಗಳಿಗೆಗೊಮ್ಮೆ ನಿಂತು ಓಡುವ ಗಾಡಿಯನ್ನು ಯಾರೂ ಹಾಗೆ ತುಳಿಯುವುದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ನಾಲ್ಕಕ್ಕೆ ಮಗಳು ಬಂದಳು. ಕಂಬಳಿಯೊಳಗೆ ತಲೆ ತೂರಿಸಿ ನೋಡಿದಳು. "ಚೆನ್ನಾಗಿದೆ" ಎಂದಳು, ನಿಜವಾಗಿಯೇ ಮೆಚ್ಚಿದ ದನಿಯಲ್ಲಿ.

"ಅಪ್ಪಂಗೆ ತೋರಿಸು" ಎಂದ ಫ್ಯೂಸಣ್ಣ.

"ತೋರಿಸ್ತೀನಿ."

ಮರುದಿನದಿಂದ ಫ್ಯೂಸಣ್ಣ ಫೋನನ್ನು ಮೇಜಿನ ಮೇಲೆ ಕಣ್ಣಿಗೆ ಕಾಣುವಲ್ಲಿ ಇಟ್ಟುಕೊಂಡ. ಮೇಷ್ಟ್ರ ಸ್ಟೂಲಿನ ಮೇಲೆ ಏಳು ವರ್ಷದಿಂದ ಪೇರಿಸಿದ್ದ ಡಬ್ಬಗಳನ್ನು ಕೆಳಗಿಳಿಸಿದ. ಫೋನು ಮಾಡುವ ಬದಲು ಅವರೇ ಬಂದುಬಿಟ್ಟರೆ ಎಂದು ಎರಡನೆಯ ಲೋಟವೊಂದನ್ನು ತಂದ. ಪಂಕ್ಚರ್ ಅಂಗಡಿಯವನು ಇಣುಕಿ, "ಏನಣ್ಣ, ಈ ವಯಸ್ಸಲ್ಲಿ ಮದುವೆ ಗಿದುವೆ ಏನಾದ್ರೂ ಗೊತ್ತಾಯ್ತಾ?" ಎಂದ. ಅದಕ್ಕೂ ಅವನು ಸಿಡಿಯಲಿಲ್ಲ. ಎರಡನೆಯ ದಿನ ಫೋನು ಬರಲಿಲ್ಲ. ಮೇಷ್ಟ್ರು ಆತುರದವರಲ್ಲ. ಮೂರನೆಯ ದಿನ ಒಂದು ಫೋನು ಬಂತು, ಯಾವುದೋ ಕಂಪನಿಯವರು ಸಾಲ ಬೇಕೇ ಎಂದು ಕೇಳಿದರು. ನಾಲ್ಕು, ಐದು. ಕಾಯುವುದು ಅವನಿಗೆ ಹೊಸದಲ್ಲ, ಆದರೆ ಈ ಐದು ದಿನ ಹಿಂದಿನ ಏಳು ವರ್ಷಕ್ಕಿಂತ ಉದ್ದವಾಗಿದ್ದವು.

ಆರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಬೂದು ಕಾರು ಬಂತು. ಬಂದದ್ದು ಅಂಗಡಿಯ ಮುಂದಕ್ಕಲ್ಲ; ಬೀದಿಯ ಆಚೆ ಬದಿಯಲ್ಲಿ, ಬಿಸಿಲಲ್ಲಿ ನಿಂತಿತು. ಅಂಗಡಿಯೊಳಗೆ ಸ್ಕೂಲ್ ವ್ಯಾನಿನವನೂ ಒಬ್ಬ ಲಾರಿ ಡ್ರೈವರೂ ಇದ್ದರು, ಯಾರ ಹಾರ್ನು ಮೊದಲು ಬಂದದ್ದು ಎಂದು ವಾದ ಮಾಡುತ್ತ. ಫ್ಯೂಸಣ್ಣ ಕೈ ಎತ್ತಿದ. ಮಗಳು ಕಾರಿನೊಳಗಿಂದ ತಲೆಯಾಡಿಸಿದಳು, ಆದರೆ ಇಳಿಯಲಿಲ್ಲ. ಪಕ್ಕದ ಸೀಟು ಖಾಲಿಯಿತ್ತು. ಅವನು ಬಾ ಎಂದು ಸನ್ನೆ ಮಾಡಿದ. ಅವಳು ಆಮೇಲೆ ಎಂಬಂತೆ ಕೈ ಆಡಿಸಿದಳು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಅವಳು ಕಿಟಕಿಯ ಗಾಜು ಇಳಿಸಿಕೊಂಡು, ಕೋಟಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತ ಕೂತೇ ಇದ್ದಳು. ಫ್ಯೂಸಣ್ಣನಿಗೆ ಕೈಯಲ್ಲಿದ್ದ ಸ್ಕ್ರೂ ಎರಡು ಸಲ ಜಾರಿ ಬಿತ್ತು. ಡ್ರೈವರುಗಳಿಬ್ಬರನ್ನೂ ಹೇಗೋ ಸಾಗಹಾಕಿದ. ಅವರು ಬೀದಿಗಿಳಿದ ಮೇಲೆಯೇ ಅವಳು ಬಾಗಿಲು ತೆರೆದು ರಸ್ತೆ ದಾಟಿ ಒಳಗೆ ಬಂದಳು. ಮೇಜಿನ ಹತ್ತಿರಕ್ಕೆ ಬಂದು ದನಿ ತಗ್ಗಿಸಿದಳು.

"ನಿನ್ನೆ ಗಾಡಿ ನಿಂತುಹೋಯ್ತು. ಬೆಳಗಿನ ಜಾವ, ಎರಡು ಮನೆ ಮುಗಿಸಿದ್ದೆ ಅಷ್ಟೇ. ಸ್ಯಾಂಪಲ್ ಡಬ್ಬಿ ಹೊತ್ಕೊಂಡು ಬಸ್ಸಲ್ಲಿ ಹೋದೆ."

"ಬ್ಯಾಟರಿ ಹಳೇದಿರ್ಬೇಕು" ಎಂದ ಫ್ಯೂಸಣ್ಣ.

"ಅಪ್ಪಂಗೆ ಫೋನ್ ಮಾಡ್ದೆ. ಕೆಂಪು ದೀಪ ಉರೀತಾನೇ ಇತ್ತಾ ಅಂತ ಕೇಳಿದ್ರು. ಹೌದು, ಹೊಸ ದೀಪ ಅಲ್ವಾ, ಉರೀಬೇಕೇನೋ ಅಂದ್ಕೊಂಡಿದ್ದೆ ಅಂದೆ. ಆಮೇಲೆ, ಚಾರ್ಜ್ ಲೈಟಿಗೂ ಎಲ್‌ಇಡಿ ಹಾಕ್ಬಿಟ್ಟಿದಾನೆ, ಹೋಗಿ ಅಲ್ಲಿಗೆ ಹಳೇ ಬಲ್ಬ್ ಹಾಕಿಸ್ಕೊ ಅಂದ್ರು. ಅದಕ್ಕೇ ಬ್ಯಾಟರಿ ಚಾರ್ಜ್ ಮಾಡಿಸ್ಕೊಂಡು ಬಂದೆ."

ಹನ್ನೆರಡು ತೆಗೆದದ್ದು, ಹನ್ನೆರಡು ಹಾಕಿದ್ದು, ಒಂದೊಂದೂ ಫ್ಯೂಸಣ್ಣನ ಕಣ್ಣ ಮುಂದೆ ಬಂತು. ಕಾರನ್ನು ನೋಡದೆ, ಮನೆಯಲ್ಲಿ ಕೂತು, ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿ ಮೇಷ್ಟ್ರು ಕಂಡುಹಿಡಿದಿದ್ದರು. ಸಿಟ್ಟು ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. ಏನಾದರೂ ಹೇಳಬೇಕೆಂದು, "ಬಂದ ತಕ್ಷಣ ಹೇಳ್ಬಾರದಿತ್ತಾ? ಅಷ್ಟು ಹೊತ್ತು ಯಾಕೆ ಬಿಸಿಲಲ್ಲಿ ಕೂತಿದ್ದೆ?" ಎಂದ.

"ಅಪ್ಪ ಹೇಳಿದ್ರು" ಎಂದಳು ಅವಳು. "ಅಲ್ಲಿ ಯಾರಾದ್ರೂ ಇದ್ರೆ ಬಾಯಿ ಬಿಡಬೇಡ, ಎಷ್ಟು ಹೊತ್ತಾದ್ರೂ ಸರಿ, ಎಲ್ಲರೂ ಹೋಗೋವರೆಗೂ ಕಾದು ಅವನೊಬ್ಬನಿಗೇ ಹೇಳು. ನಾಲ್ಕು ಜನರ ಮುಂದೆ ತಪ್ಪು ತೋರಿಸಿದ್ರೆ ಮನುಷ್ಯನಿಗೆ ತಡ್ಕೊಳ್ಳೋಕಾಗಲ್ಲ ಅಂದ್ರು."

ಹಾಗೆಂದವಳ ಮುಖದಲ್ಲಿ ಚುಚ್ಚುವ ಭಾವವೇನೂ ಇರಲಿಲ್ಲ. ಅಪ್ಪ ಹೇಳಿದ್ದನ್ನು ಒಪ್ಪಿಸುತ್ತಿದ್ದಳು, ಅಷ್ಟೇ. ಆ ಟ್ಯಾಕ್ಸಿಯ ದಿನದ ಕತೆ ಅವಳಿಗೆ ಗೊತ್ತಿಲ್ಲವೆಂದು ಫ್ಯೂಸಣ್ಣನಿಗೆ ಆಗ ತಿಳಿಯಿತು. ಮೇಷ್ಟ್ರು ಮನೆಯಲ್ಲೂ ಹೇಳಿರಲಿಲ್ಲ. ಬೈದು ಕಳಿಸಿದ್ದರೆ ಅವನು ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ, ಹಿತವೂ ಆಗುತ್ತಿತ್ತು. ಇದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ.

ಕಾರಿನ ಹತ್ತಿರ ಹೋಗಿ ಬೋರ್ಡನ್ನು ಮತ್ತೆ ಬಿಚ್ಚಿದ. ಹಳೆಯ ಬಲ್ಬುಗಳನ್ನು ಹಾಕಿದ್ದ ಡಬ್ಬದಿಂದ ಒಂದನ್ನು ಆರಿಸಿ, ಪರೀಕ್ಷೆ ಮಾಡಿ, ಅದರ ಜಾಗದಲ್ಲಿ ಕೂರಿಸಿದ. ಕೀಲಿ ತಿರುಗಿಸಿದಾಗ ಅಷ್ಟು ಬಿಳಿಯ ನಡುವೆ ಅದೊಂದು ಮಾತ್ರ ಮಂದವಾಗಿ, ಮುದುಕನ ಕಣ್ಣಿನಂತೆ ಉರಿಯಿತು. ಇಂಜಿನ್ ಎದ್ದ ಕೂಡಲೆ, ಏನೂ ತುಳಿಯದೆಯೇ ಆರಿತು. ಅಷ್ಟು ಹೊತ್ತೂ ಅವನು ಮನಸ್ಸಿನಲ್ಲಿ ಮಾತುಗಳನ್ನು ಜೋಡಿಸುತ್ತಿದ್ದ. ಅಪ್ಪಂಗೆ ಹೇಳು, ಅವತ್ತು ಮುಚ್ಚಿದವನು ನಾನು ಎಂದು. ಅಪ್ಪಂಗೆ ಹೇಳು, ನಾನು. ಅಪ್ಪಂಗೆ. ಅವಳು ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಾಗ ಅವನ ಬಾಯಿಂದ ಬಂದದ್ದು, "ಬ್ಯಾಟರಿ ನೀರು ಒಂದ್ಸಲ ನೋಡಿಸ್ಕೊ" ಎಂಬುದು.

"ಆಯ್ತು, ಬರ್ತೀನಿ" ಎಂದು ಅವಳು ಹೋದಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಕಾರು ತಿರುವಿನಲ್ಲಿ ಮರೆಯಾದ ಮೇಲೆ ಫ್ಯೂಸಣ್ಣನಿಗೆ ಮಾತು ಬಂತು. ಅವನು ಬೀದಿಯ ನಡುವಿಗೆ ಬಂದು ನಿಂತ. ಪಂಕ್ಚರ್ ಅಂಗಡಿಯವನು ಟ್ಯೂಬೊಂದನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಪೇಂಟಿಂಗ್ ಶೆಡ್ಡಿನವನು ಒಂದು ಬಾಗಿಲನ್ನು ಉಜ್ಜುತ್ತಿದ್ದ. ಸ್ಕೂಲ್ ವ್ಯಾನಿನವನು ಇನ್ನೂ ಹೋಗದೆ ಚಹಾ ಕುಡಿಯುತ್ತಿದ್ದ. ಏಳು ವರ್ಷದ ಹಿಂದೆ ಸುತ್ತ ನಿಂತಿದ್ದವರು ಇವರೇ.

"ಎಲ್ಲರೂ ಕೇಳಿ ಇಲ್ಲಿ" ಎಂದ ಫ್ಯೂಸಣ್ಣ. ದನಿ ಬೀದಿಗೆಲ್ಲ ಕೇಳಿಸಿತು. "ಈಗ ಹೋಯ್ತಲ್ಲ ಗಾಡಿ, ಅದರ ಚಾರ್ಜ್ ಲೈಟಿಗೆ ನಾನು ಎಲ್‌ಇಡಿ ಹಾಕಿದ್ದೆ. ಮೂವತ್ತು ವರ್ಷ ಕೆಲಸ ಮಾಡಿ ಇಂಥ ತಪ್ಪು ಮಾಡ್ದೆ. ಮೇಷ್ಟ್ರು ಮನೇಲಿ ಕೂತೇ ಕಂಡುಹಿಡಿದ್ರು."

ಮೂವರೂ ತಲೆ ಎತ್ತಿ ನೋಡಿದರು.

"ಇನ್ನೊಂದು" ಎಂದ. "ಆ ಟ್ಯಾಕ್ಸಿಯವನು ಬಂದು ಗಲಾಟೆ ಮಾಡಿದ ದಿನ, ಇಲ್ಲೇ, ನಿಮ್ಮೆಲ್ಲರ ಮುಂದೆ ನಾನು ಮೇಷ್ಟ್ರಿಗೆ ಅಂದೆನಲ್ಲ, ಕೈ ನಡುಗೋರು ಮುಟ್ಟಬಾರದು ಅಂತ. ಅವತ್ತು ಮುಳ್ಳನ್ನ ನೋಡದೆ ಮುಚ್ಚಿದ್ದು ನಾನು. ತಪ್ಪು ನಂದು. ಮೇಷ್ಟ್ರದಲ್ಲ."

ಪಂಕ್ಚರ್ ಅಂಗಡಿಯವನು ಪೇಂಟಿನವನನ್ನು ನೋಡಿದ. "ಯಾವ ಟ್ಯಾಕ್ಸಿ?" ಎಂದು ಕೇಳಿದ.

"ನಾನಿದ್ನಾ ಆಗ?" ಎಂದ ಪೇಂಟಿನವನು.

"ಮೇಷ್ಟ್ರು ವಯಸ್ಸಾಯ್ತು ಅಂತ ತಾವೇ ಬಿಟ್ರು ಅಲ್ವಾ?" ಎಂದ ವ್ಯಾನಿನವನು. "ನಿಮ್ಮಿಬ್ಬರಿಗೆ ಜಗಳ ಬೇರೆ ಆಗಿತ್ತಾ?"

ಅವರು ತಮಾಷೆ ಮಾಡುತ್ತಿರಲಿಲ್ಲ. ಅವರಿಗೆ ನಿಜವಾಗಿ ನೆನಪಿರಲಿಲ್ಲ. ಏಳು ವರ್ಷ ಫ್ಯೂಸಣ್ಣ ಈ ಬೀದಿಯಲ್ಲಿ ಇವರ ಕಣ್ಣು ತಪ್ಪಿಸಿ ಓಡಾಡಿದ್ದ. ಇಬ್ಬರು ನಿಂತು ಮೆಲ್ಲಗೆ ಮಾತಾಡುತ್ತಿದ್ದರೆ ಆ ದಿನದ ಮಾತೇ ಇರಬೇಕೆಂದು ಒಳಗೆ ಹೋಗಿ ಕೂತಿದ್ದ. ಬೀದಿ ಅಂದು ಸಂಜೆಗೇ ಅದನ್ನು ಮರೆತಿತ್ತು. ಅವನು ಆಡಿದ ಮಾತು ಇಷ್ಟು ಜನರ ಕಿವಿಯ ಪಕ್ಕದಿಂದ ಹಾದು, ಒಬ್ಬರ ಕಿವಿಗೆ ಮಾತ್ರ ಹೋಗಿತ್ತು. ತಪ್ಪಾಯಿತು ಎಂಬ ಮಾತನ್ನು ಹೇಳಬೇಕಾದ ಕಿವಿಯೂ ಅದೊಂದೇ, ಅದು ಇಲ್ಲಿರಲಿಲ್ಲ.

ಫ್ಯೂಸಣ್ಣನ ಮುಖ ನೋಡಿ ಪಂಕ್ಚರ್ ಅಂಗಡಿಯವನಿಗೆ ಪಾಪ ಎನ್ನಿಸಿರಬೇಕು. "ಮೇಷ್ಟ್ರು ಒಳ್ಳೇ ಮನುಷ್ಯ ಬಿಡಣ್ಣ" ಎಂದ. "ಹೇಗಿದಾರೆ ಈಗ?"

ಫ್ಯೂಸಣ್ಣ ಉತ್ತರ ಹೇಳಲು ಬಾಯಿ ತೆರೆದ. ಮಗಳು ಮೂರು ಸಲ ಬಂದು ಹೋಗಿದ್ದಳು. ಬಿಳಿ ಬೇಕೋ ನೀಲಿ ಬೇಕೋ ಎಂದು ಕೇಳಿದ್ದ. ಬಿಸಿಲಲ್ಲಿ ಯಾಕೆ ಕೂತಿದ್ದೆ ಎಂದು ಕೇಳಿದ್ದ. ಬ್ಯಾಟರಿಯ ನೀರಿನ ಬಗ್ಗೆ ಹೇಳಿದ್ದ.

"ಕೇಳಲಿಲ್ಲ" ಎಂದ.

"ಈಗ ತಾನೇ ಇಲ್ಲೇ ಇದ್ಳಲ್ಲಣ್ಣ ಮಗಳು."

"ಇದ್ಳು" ಎಂದ ಫ್ಯೂಸಣ್ಣ. "ಕೇಳಲಿಲ್ಲ ಕಣೋ."